ರುಚಿ ನೋಡದ ಅಡುಗೆ

ನಾನು ಯಾರನ್ನೂ ಸುಲಭಕ್ಕೆ ನಂಬುವವಳಲ್ಲ. ತರಕಾರಿಯವನು ‘ಈಗ ಬಂದ ಮಾಲು’ ಅಂದರೆ ಬೆಂಡೆಕಾಯಿಯ ತುದಿ ಮುರಿದೇ ನೋಡುತ್ತೇನೆ. ಆಟೋದವನು ರಸ್ತೆ ಬಂದಾಗಿದೆ ಎಂದರೆ ಇಳಿದು ಕಣ್ಣಾರೆ ನೋಡಿ ಬರುವಷ್ಟು ಹಟ. ಬಾಯಿಯ ಕ್ಯಾನ್ಸರಿಗೆ ಶಸ್ತ್ರಚಿಕಿತ್ಸೆ ಮಾಡುವವಳಿಗೆ ಈ ಗುಣ ಇರಲೇಬೇಕು ಎಂದು ಇವತ್ತಿಗೂ ವಾದಿಸುತ್ತೇನೆ. ಹೊಗೆಸೊಪ್ಪು ಬಿಟ್ಟು ಎಷ್ಟೋ ವರ್ಷವಾಯಿತು ಎಂದು ದೇವರಾಣೆ ಹಾಕುವವರ ಶರ್ಟಿನ ಜೇಬಿನಲ್ಲಿ ಪೊಟ್ಟಣ ಇಣುಕುತ್ತಿರುತ್ತದೆ. ಹುಣ್ಣು ಹೋದ ವಾರ ಕಾಣಿಸಿಕೊಂಡಿತು ಎನ್ನುತ್ತಾರೆ, ನೋಡಿದರೆ ಅದು ಆರು ತಿಂಗಳ ಹುಣ್ಣು. ನಮ್ಮಣ್ಣ ಹೇಳುವಂತೆ ನಾನು ಪೊಲೀಸ್ ಇಲಾಖೆಗೆ ಹೋಗಬೇಕಾದವಳು, ದಾರಿ ತಪ್ಪಿ ಮೆಡಿಕಲ್ ಕಾಲೇಜಿಗೆ ಹೋದೆ.

ಕೊರೊನಾ ಬಂದ ಮೊದಲ ವರ್ಷ ಊರೆಲ್ಲ ನನ್ನ ಹಾಗೇ ಆಗಿಬಿಟ್ಟಿತು. ಗಾಂಧಿಬಜಾರಿನಲ್ಲಿ ಯಾರಾದರೂ ಸೀನಿದರೆ ಹೂವಿನವರಿಂದ ಹಣ್ಣಿನವರವರೆಗೆ ಎಲ್ಲರೂ ತಿರುಗಿ ನೋಡುತ್ತಿದ್ದರು. ಎನ್.ಆರ್. ಕಾಲೋನಿಯ ನಮ್ಮ ರಸ್ತೆಯಲ್ಲಿ, ಕಾಂಪೌಂಡ್ ಗೋಡೆಯ ಮೇಲಿಂದಲೇ ಕರಿಬೇವು, ನಿಂಬೆಹಣ್ಣು ಕೊಟ್ಟು ತೆಗೆದುಕೊಳ್ಳುತ್ತಿದ್ದ ಪಕ್ಕದ ಮನೆಯವರು, ನಾನು ಆಸ್ಪತ್ರೆಯಿಂದ ಬರುವ ಹೊತ್ತಿಗೆ ಕಿಟಕಿ ಹಾಕಿಕೊಳ್ಳತೊಡಗಿದರು. ಬೇಜಾರಾಗಲಿಲ್ಲ ಎಂದರೆ ಸುಳ್ಳಾಗುತ್ತದೆ. ಆದರೆ ಅವರ ಜಾಗದಲ್ಲಿ ನಾನಿದ್ದಿದ್ದರೆ ಕಿಟಕಿಯ ಜೊತೆಗೆ ಬಾಗಿಲನ್ನೂ ಹಾಕಿಕೊಳ್ಳುತ್ತಿದ್ದೆ.

ನಾನು ಕೆಲಸ ಮಾಡುತ್ತಿದ್ದದ್ದು ಚಾಮರಾಜಪೇಟೆಯ ಒಂದು ಸಣ್ಣ ಟ್ರಸ್ಟ್ ಆಸ್ಪತ್ರೆಯಲ್ಲಿ. ದೊಡ್ಡ ಆಸ್ಪತ್ರೆಗಳೆಲ್ಲ ಕೊರೊನಾ ರೋಗಿಗಳಿಂದ ತುಂಬಿ, ಉಳಿದ ಆಪರೇಷನ್ನುಗಳನ್ನು ಮುಂದೂಡಿದ್ದವು. ಆದರೆ ಕ್ಯಾನ್ಸರಿಗೆ ಮುಂದೂಡುವುದು ಗೊತ್ತಿಲ್ಲವಲ್ಲ. ಅಲ್ಲಿಂದ ವಾಪಸ್ ಬಂದವರು ನಮ್ಮ ಬಾಗಿಲಿಗೆ ಬರತೊಡಗಿದರು. ನಮ್ಮಲ್ಲಿದ್ದದ್ದಾದರೂ ಏನು? ಎರಡು ಆಪರೇಷನ್ ಥಿಯೇಟರಿನಲ್ಲಿ ಒಂದಕ್ಕೆ ಬೀಗ. ವೆಂಟಿಲೇಟರುಗಳಲ್ಲಿ ಒಂದನ್ನು ಬಿಟ್ಟು ಉಳಿದವನ್ನು ಕೊರೊನಾ ವಾರ್ಡಿನ ಅಗತ್ಯಕ್ಕೆಂದು ಬೇರೆ ಕಡೆಗೆ ಒಯ್ದಿದ್ದರು. ನರ್ಸುಗಳಲ್ಲಿ ಅರ್ಧ ಜನ ಕ್ವಾರಂಟೈನ್, ಇನ್ನು ಕೆಲವರನ್ನು ಅವರ ಮನೆಯ ಮಾಲೀಕರೇ ‘ಆಸ್ಪತ್ರೆಗೆ ಹೋಗೋದಾದ್ರೆ ಮನೆ ಖಾಲಿ ಮಾಡಿ’ ಎಂದು ಹೆದರಿಸಿದ್ದರು. ವಾರಕ್ಕೆ ಎರಡು ದೊಡ್ಡ ಆಪರೇಷನ್ ಮಾಡಿದರೆ ಅದೇ ಹೆಚ್ಚು. ಒಬ್ಬ ರೋಗಿ ಕೊರೊನಾ ಬಚ್ಚಿಟ್ಟುಕೊಂಡು ಥಿಯೇಟರಿನ ಒಳಗೆ ಬಂದರೆ ಉಳಿದ ನಾಲ್ಕು ಜನ ಸಿಬ್ಬಂದಿಯೂ ಮಲಗಿ, ಇಡೀ ಆಸ್ಪತ್ರೆಗೆ ಬೀಗ ಬೀಳುತ್ತಿತ್ತು. ಅದರಲ್ಲೂ ನನ್ನ ಕೆಲಸವೆಲ್ಲ ರೋಗ ಹರಡುವ ಜಾಗದಲ್ಲೇ, ಬಾಯಿ ಮತ್ತು ಗಂಟಲಿನಲ್ಲಿ.

ಜನ ಬಚ್ಚಿಡುತ್ತಿದ್ದರು. ಅವರನ್ನು ಬೈದು ಪ್ರಯೋಜನವಿಲ್ಲ. ತಿಂಗಳುಗಟ್ಟಲೆ ಅಲೆದು ಒಂದು ತಾರೀಖು ಸಿಕ್ಕಿದ ಮೇಲೆ, ಸ್ವಲ್ಪ ಮೈ ಬಿಸಿಯಾಯಿತೆಂದು ಯಾರು ಬಾಯಿ ಬಿಡುತ್ತಾರೆ? ಮಾತ್ರೆ ನುಂಗಿ ಜ್ವರ ಇಳಿಸಿಕೊಂಡು ಬರುತ್ತಿದ್ದರು. ಮೂಗಿನ ಸ್ವಾಬ್ ಪರೀಕ್ಷೆಯ ಫಲಿತಾಂಶ ಬರುವಷ್ಟರಲ್ಲಿ ದಿನಗಳು ಕಳೆಯುತ್ತಿದ್ದವು, ಬಂದ ಮೇಲೂ ಅದನ್ನು ಪೂರ್ತಿ ನಂಬುವ ಹಾಗಿರಲಿಲ್ಲ. ಹಾಗಾಗಿ ನಾನೇ ಒಂದು ಪರೀಕ್ಷೆ ಕಂಡುಕೊಂಡೆ. ಕೊರೊನಾ ಬಂದವರಿಗೆ ವಾಸನೆ ಹೋಗುತ್ತದೆ ಎನ್ನುವುದು ಅಷ್ಟು ಹೊತ್ತಿಗೆ ಗೊತ್ತಾಗಿತ್ತು. ಕಾಗದದ ಕಪ್ಪಿನಲ್ಲಿ ಒಂದು ಚೂರು ಇಂಗು ಹಾಕಿ, ಮೇಲೆ ಗಾಯಕ್ಕೆ ಸುತ್ತುವ ತೆಳು ಗಾಜ್ ಬಟ್ಟೆ ಕಟ್ಟಿ, ಮೂಗಿನ ಹತ್ತಿರ ಹಿಡಿಯುವುದು. ‘ಏನು ವಾಸನೆ ಹೇಳಿ.’ ಒಬ್ಬೊಬ್ಬರಿಗೂ ಹೊಸ ಕಪ್ಪು. ನಮ್ಮ ಕಡೆ ಇಂಗಿನ ವಾಸನೆ ಗೊತ್ತಿಲ್ಲದವರು ಯಾರಿದ್ದಾರೆ?

ಸ್ವಲ್ಪ ದಿನ ಚೆನ್ನಾಗಿ ನಡೆಯಿತು. ಆಮೇಲೆ ಕಪ್ಪು ಮೂಗಿನ ಹತ್ತಿರ ಹೋಗುವ ಮುಂಚೆಯೇ ‘ಇಂಗು’ ಎನ್ನತೊಡಗಿದರು. ಮಾಸ್ಕನ್ನೂ ಇಳಿಸದೆ ಒಬ್ಬಾಕೆ ‘ಇಂಗು ಡಾಕ್ಟ್ರೇ’ ಅಂದಾಗ ನನ್ನ ಕಿವಿ ನೆಟ್ಟಗಾಯಿತು. ಹೊರಗಿನ ಬೆಂಚುಗಳ ಮೇಲೆ ಕಾಯುವವರೆಲ್ಲ ಒಬ್ಬರಿಗೊಬ್ಬರು ಉತ್ತರ ಹೇಳಿಕೊಡುತ್ತಿದ್ದರು. ಮರುದಿನದಿಂದ ಕಪ್ಪಿನಲ್ಲಿ ಏನಿರುತ್ತದೆ ಎನ್ನುವುದನ್ನು ನಾನೊಬ್ಬಳೇ ತೀರ್ಮಾನಿಸುತ್ತಿದ್ದೆ. ಲವಂಗ, ಏಲಕ್ಕಿ, ಕೆಲವು ಸಲ ಬರೀ ಗಾಳಿ. ನರ್ಸಿಗೂ ಹೇಳುತ್ತಿರಲಿಲ್ಲ.

ಅಂಥ ಒಂದು ದಿನ ನಮ್ಮ ಮನೆಯ ಅಡುಗೆ ಭಟ್ಟರು ನನ್ನ ಮುಂದೆ ಕೂತಿದ್ದರು.

ನಮ್ಮ ಮನೆಯ ಭಟ್ಟರೆಂದರೆ ಮನೆಯಲ್ಲೇ ಇದ್ದವರಲ್ಲ. ಬಸವನಗುಡಿಯ ಸುತ್ತಮುತ್ತ ಮದುವೆ, ಉಪನಯನ, ತಿಥಿ ಯಾವುದಿದ್ದರೂ ಅಡುಗೆಗೆ ಅವರೇ. ನಮ್ಮ ತಂದೆ ಹೋದ ಮೇಲೆ ಅವರ ವರ್ಷದ ತಿಥಿಯ ಅಡುಗೆಗೆ ಪ್ರತಿ ಸಲ ಬರುತ್ತಿದ್ದರು. ಒದ್ದೆ ಪಂಚೆ, ಹಣೆಯಲ್ಲಿ ವಿಭೂತಿ, ಬಾಯಲ್ಲಿ ಒಂದು ಮಾತಿಲ್ಲ. ಮಡಿ ಎಂದರೆ ಮಡಿ. ದೇವರಿಗೋ ಪಿತೃಗಳಿಗೋ ಅರ್ಪಿಸುವ ಮುಂಚೆ ಅಡುಗೆಯನ್ನು ಯಾರೂ ನಾಲಿಗೆಗೆ ಮುಟ್ಟಿಸುವ ಹಾಗಿಲ್ಲ, ಮುಟ್ಟಿಸಿದರೆ ಇಡೀ ಪಾತ್ರೆ ಎಂಜಲು. ಉಪ್ಪು ಹುಳಿಯನ್ನು ಮಡಿಯ ಅಡುಗೆಯವರು ಕಣ್ಣಿನಿಂದ, ಕೈಯಂದಾಜಿನಿಂದ, ಎಲ್ಲಕ್ಕಿಂತ ಹೆಚ್ಚಾಗಿ ಮೂಗಿನಿಂದ ತಿಳಿಯಬೇಕು. ಭಟ್ಟರ ಹೆಸರು ನಿಂತಿದ್ದೇ ಅದರ ಮೇಲೆ. ‘ಅವರು ಹಬೆ ನೋಡಿ ಉಪ್ಪು ಹೇಳ್ತಾರೆ’ ಎಂದು ನಮ್ಮಮ್ಮ ಹೊಗಳುತ್ತಿದ್ದರು. ಒಂದು ವರ್ಷ ನಾನು ರಾತ್ರಿ ಪಾಳಿ ಮುಗಿಸಿ ಅದೇ ಬಟ್ಟೆಯಲ್ಲಿ ನೀರು ಕುಡಿಯಲು ಅಡುಗೆಮನೆಗೆ ಹೋದಾಗ ಹೊಸಿಲಲ್ಲೇ ತಡೆದು, ‘ಅಲ್ಲೇ ನಿಂತ್ಕೊಳಿ ತಾಯಿ, ಆಸ್ಪತ್ರೆ ಬಟ್ಟೆ’ ಎಂದಿದ್ದರು. ನನಗೆ ಮೈಯೆಲ್ಲ ಉರಿದಿತ್ತು. ಆದರೂ ನಿಂತೆ.

ಈಗ ಅವರ ನಾಲಿಗೆಯ ಎಡ ಅಂಚಿನಲ್ಲಿ ಕ್ಯಾನ್ಸರ್. ಎಲೆಅಡಿಕೆಯ ಜೊತೆ ಹೊಗೆಸೊಪ್ಪು, ಮೇಲೆ ನಶ್ಯ. ಅವರ ಮಗಳು, ಶಾಲೆಯೊಂದರಲ್ಲಿ ಪಾಠ ಹೇಳುವವಳು, ಎರಡು ಮೂರು ಆಸ್ಪತ್ರೆ ಅಲೆದು, ಕೊನೆಗೆ ನನ್ನ ನೆನಪಾಗಿ ಕರೆದುಕೊಂಡು ಬಂದಿದ್ದಳು. ಆಗಲೇ ಆಪರೇಷನ್ ಮಾಡಿದರೆ ಅರ್ಧ ನಾಲಿಗೆ ತೆಗೆದು ಅರ್ಧ ಉಳಿಸಬಹುದಿತ್ತು. ಒಂದೆರಡು ತಿಂಗಳು ಬಿಟ್ಟರೆ ಪೂರ್ತಿ ತೆಗೆಯಬೇಕಾಗಬಹುದು, ಅಥವಾ ಅದೂ ಸಾಧ್ಯವಾಗದೆ ಹೋಗಬಹುದು. ಇದನ್ನು ಅಪ್ಪ ಮಗಳಿಬ್ಬರಿಗೂ ಬಿಡಿಸಿ ಹೇಳಿದ್ದೆ. ಗುರುವಾರದ ಆಪರೇಷನ್ ಅವರಿಗೆಂದು ಇಟ್ಟಿದ್ದೆ. ಅದಕ್ಕಾಗಿ ಮಗಳು ದಿನಕ್ಕೆರಡು ಸಲ ಫೋನ್ ಮಾಡಿ ನನ್ನ ಪ್ರಾಣ ತಿಂದಿದ್ದಳು.

ಸೋಮವಾರ ಕಪ್ಪು ಹಿಡಿದೆ. ಭಟ್ಟರು ಮಾಸ್ಕ್ ಇಳಿಸಿ, ಕಣ್ಣು ಮುಚ್ಚಿ, ಸಾವಕಾಶವಾಗಿ ಮೂಸಿದರು.

“ಇಂಗು,” ಅಂದರು. ಅಷ್ಟಕ್ಕೇ ನಿಲ್ಲಿಸಲೂ ಇಲ್ಲ. “ಪುಡಿ ಅಲ್ಲ ಡಾಕ್ಟ್ರಮ್ಮ, ಗಟ್ಟಿ ಇಂಗು. ಒಳ್ಳೇ ಮಾಲು.”

ನಾನು ಗಾಜ್ ಬಟ್ಟೆ ಬಿಚ್ಚಿ ಕಪ್ಪನ್ನು ಅವರ ಮುಂದೆ ಇಟ್ಟೆ. ಒಳಗಿದ್ದದ್ದು ಕಾಫಿಪುಡಿ. ಅವತ್ತು ಬೆಳಗ್ಗೆಯೇ ಹುರಿದು ಬೀಸಿಸಿದ್ದು. ನನ್ನ ಎರಡು ಮಾಸ್ಕುಗಳ ಒಳಗಿಂದ ನನಗೇ ಘಮ್ಮೆನ್ನುತ್ತಿತ್ತು. ಹುಟ್ಟಿದಾಗಿನಿಂದ ಬಸವನಗುಡಿಯಲ್ಲಿದ್ದ ಮನುಷ್ಯ ಕಾಫಿಪುಡಿ ಮೂಸಿ ಇಂಗು ಎಂದಿದ್ದರು.

ಮಗಳ ಮುಖ ಬಿಳಿಚಿಕೊಂಡಿತು. “ಅಪ್ಪಾ, ವಾಸನೆ ಬರ್ತಿಲ್ವಾ? ಯಾಕೆ ಹೇಳ್ಲಿಲ್ಲ ನೀನು?”

ಭಟ್ಟರು ಕಪ್ಪನ್ನೇ ನೋಡುತ್ತ ಕೂತರು. ಆಮೇಲೆ, “ಹೂಂ, ಎರಡು ಮೂರು ದಿನದಿಂದ ಇಲ್ಲ. ಬಂದಿರ್ಬೇಕು ಅದೇ ಕೊರೊನಾ,” ಅಂದರು.

ನನಗೆ ಸಿಟ್ಟು ನೆತ್ತಿಗೇರಿತು. ಇಷ್ಟು ಜನರ ಪ್ರಾಣದ ಜೊತೆ ಆಟವೇ ಎಂದು ಕೂಗಾಡಿದೆ. ಗುರುವಾರದ ಆಪರೇಷನ್ ಅಲ್ಲೇ ರದ್ದು ಮಾಡಿದೆ. ಸ್ವಾಬ್ ತೆಗೆಸಿ, ಮನೆಯಲ್ಲಿ ಬೇರೆ ಕೋಣೆಯಲ್ಲಿ ಇರಬೇಕೆಂದು, ಉಸಿರಾಟ ಕಷ್ಟವಾದರೆ ತಕ್ಷಣ ತಿಳಿಸಬೇಕೆಂದು ಹೇಳಿ ಕಳಿಸಿದೆ. ಕೊರೊನಾ ಬಂದವರಿಗೆ ಆಪರೇಷನ್ ಎಂದರೆ ಕಮ್ಮಿಯೆಂದರೂ ಆರೇಳು ವಾರ ಕಾಯಬೇಕಿತ್ತು. ಅಷ್ಟರಲ್ಲಿ ಅವರ ನಾಲಿಗೆ ನನ್ನ ಕೈ ಮೀರಿರುತ್ತದೆ ಎಂದು ನನಗೆ ಗೊತ್ತಿತ್ತು, ಅವರಿಗೂ ಗೊತ್ತಿತ್ತು. ಮಗಳು ಬಾಗಿಲ ಹತ್ತಿರ ನಿಂತು ಕೈ ಮುಗಿದಳು. ಭಟ್ಟರು ಅವಳ ಕೈ ಹಿಡಿದು, “ನಡಿ, ಅವರು ಹೇಳೋದು ಸರಿ,” ಎಂದು ಎಳೆದುಕೊಂಡೇ ಹೋದರು.

ಅವರು ಹೋದ ಮೇಲೆ ಆ ‘ನಡಿ’ ಎಂದದ್ದು ನನ್ನ ತಲೆಯೊಳಗೆ ಸೇರಿಕೊಂಡಿತು.

ಆ ದಿನಗಳಲ್ಲಿ ಎಷ್ಟು ಜನರಿಗೆ ‘ನಿಮಗೆ ಕೊರೊನಾ ಇರಬಹುದು’ ಎಂದು ಹೇಳಿದ್ದೆನೋ. ಒಬ್ಬರೂ ಸುಮ್ಮನೆ ಒಪ್ಪಿರಲಿಲ್ಲ. ನೆಗಡಿ ಅನ್ನುತ್ತಿದ್ದರು, ಧೂಳಿಗೆ ಅನ್ನುತ್ತಿದ್ದರು, ನಿನ್ನೆ ಐಸ್‌ಕ್ರೀಮ್ ತಿಂದದ್ದಕ್ಕೆ ಅನ್ನುತ್ತಿದ್ದರು. ಕಾಲು ಹಿಡಿಯಲು ಬಂದವರಿದ್ದರು, ಯಾರೋ ದೊಡ್ಡವರಿಂದ ಫೋನ್ ಮಾಡಿಸಿದವರಿದ್ದರು. ಈ ಮನುಷ್ಯ ಮಾತ್ರ ನಾನು ಹೇಳುವ ಮುಂಚೆಯೇ ತಾನಾಗಿ ‘ಬಂದಿರ್ಬೇಕು’ ಎಂದರು. ಮೊದಲು ಸುಳ್ಳು ಹೇಳಿದರು, ಸಿಕ್ಕಿಬಿದ್ದರು, ಅದು ಅರ್ಥವಾಗುತ್ತದೆ. ಆದರೆ ಸಿಕ್ಕಿಬಿದ್ದ ಮೇಲೆ ಅಷ್ಟು ಸಲೀಸಾಗಿ ಒಪ್ಪಿಕೊಂಡದ್ದು ಯಾಕೆ? ಮುಖದಲ್ಲಿ ಗಾಬರಿಗೆ ಬದಲು ಏನೋ ಹಗುರಾದ ಹಾಗಿತ್ತಲ್ಲ, ಅದು ಯಾಕೆ? ಆಪರೇಷನ್ನಿಗೆ ಹೆದರಿ ಕೊರೊನಾವನ್ನು ನೆಪ ಮಾಡಿಕೊಂಡರೇ? ಮನೆಗೆ ಬಂದು ಅನ್ನ ಕಲಸಿಕೊಂಡವಳು ಹಾಗೇ ಕೂತುಬಿಟ್ಟೆ.

ಸ್ವಾಬ್ ಫಲಿತಾಂಶ ಬಂತು, ಕೊರೊನಾ ಇಲ್ಲ. ನಂಬದೆ ಇನ್ನೊಂದು ಸಲ ತೆಗೆಸಿದೆ, ಅದರಲ್ಲೂ ಇಲ್ಲ. ಜ್ವರವಿಲ್ಲ, ಕೆಮ್ಮಿಲ್ಲ, ಎದೆಯ ಎಕ್ಸ್‌ರೇ ಸ್ವಚ್ಛ. ವಾಸನೆ ಮಾತ್ರ ಇಲ್ಲ. ನನ್ನ ಅನುಮಾನ ಬೆಳೆದು ಮರವಾಯಿತು. ಮಗಳಿಗೆ ಫೋನ್ ಮಾಡಿ, ಅಪ್ಪನನ್ನು ಕರೆದುಕೊಂಡು ಬಾ, ನೀನು ಹೊರಗೆ ಕೂತಿರು ಎಂದೆ.

ಹೊರರೋಗಿಗಳ ಕೋಣೆಯಲ್ಲಿ ನನಗೂ ರೋಗಿಗೂ ನಡುವೆ ಪ್ಲಾಸ್ಟಿಕ್ ಪರದೆ ಕಟ್ಟಿದ್ದರು. ಅದರಾಚೆ ಭಟ್ಟರು ಕೂತಿದ್ದರು. ಕಿಟಕಿ ಬಾಗಿಲು ತೆರೆದಿರಬೇಕು ಎನ್ನುವುದು ಆಗಿನ ನಿಯಮ. ಅವರು ಎದ್ದು ಹೋಗಿ ಬಾಗಿಲು ಮುಚ್ಚಿ ಬಂದು ಕೂತರು.

“ಭಟ್ರೇ, ನಿಮಗೆ ಕೊರೊನಾ ಇಲ್ಲ,” ಎಂದೆ. “ನಿಮಗೂ ಅದು ಗೊತ್ತು. ಆಪರೇಷನ್ ಬೇಡ ಅಂದ್ರೆ ಬೇಡ ಅನ್ನಿ. ಈ ನಾಟಕ ಯಾಕೆ?”

“ಬೇಡ ಅಂತ ಅಲ್ಲ.”

“ಹಾಗಾದ್ರೆ ವಾಸನೆ ಯಾವಾಗಿನಿಂದ ಇಲ್ಲ? ಎರಡು ಮೂರು ದಿನ ಅಂತ ಮತ್ತೆ ಹೇಳ್ಬೇಡಿ.”

ನಾನು ಬಿಡಲಿಲ್ಲ. ಕಾಯುತ್ತ ಹೋದರೆ ಏನಾಗುತ್ತದೆ ಎಂದು ಮತ್ತೊಮ್ಮೆ ಹೇಳಿದೆ. ಪೂರ್ತಿ ನಾಲಿಗೆ ತೆಗೆದರೆ ಮಾತು ಹೋಗುತ್ತದೆ, ನುಂಗುವುದು ಕಷ್ಟವಾಗುತ್ತದೆ, ಮೂಗಿನಿಂದ ಟ್ಯೂಬ್ ಹಾಕಿ ಗಂಜಿ ಬಿಡಬೇಕಾಗುತ್ತದೆ ಎಂದೆ. ಹೆದರಿಸಬೇಕೆಂದೇ ಹೇಳಿದೆ. ಅವರ ಕಣ್ಣಿನಿಂದ ನೀರು ಇಳಿದು ಮಾಸ್ಕಿನೊಳಗೆ ಹೋಯಿತು.

“ಬಹಳ ವರ್ಷ ಆಯ್ತು ತಾಯಿ,” ಅಂದರು. “ನನ್ನ ಮಗಳ ಮದುವೆಗೂ ಮುಂಚೆಯಿಂದ. ನಶ್ಯ ಹಾಕಿ ಹಾಕಿ ಮೂಗು ಸತ್ತೇ ಹೋಯ್ತು. ಮೊದಲು ಹೂವಿನ ವಾಸನೆ ಹೋಯ್ತು, ಆಮೇಲೆ ತುಪ್ಪದ್ದು. ಕೊನೆಗೆ ಒಗ್ಗರಣೆ ಸೀದರೂ ಗೊತ್ತಾಗ್ತಿರ್ಲಿಲ್ಲ.”

“ಇದನ್ನ ಹೇಳೋಕೆ ಏನಾಗಿತ್ತು ನಿಮಗೆ? ನಾನು ಅವತ್ತೇ ಬಿಡ್ತಿದ್ದೆನಲ್ಲ!”

“ಹೇಳಿದ್ರೆ ನೀವು ಮುಂದಿನದ್ದು ಕೇಳ್ತಿದ್ರಿ.”

ನನಗೆ ಅರ್ಥವಾಗಲಿಲ್ಲ. ಆಮೇಲೆ ಅರ್ಥವಾಯಿತು. ಮೂಗಿಲ್ಲದೆ ಅಷ್ಟು ವರ್ಷ ಅಡುಗೆ ಮಾಡಿದ್ದು ಹೇಗೆ?

“ರುಚಿ ನೋಡ್ತಿದ್ದೆ,” ಅಂದರು. ಧ್ವನಿ ಪರದೆಯನ್ನು ದಾಟಿ ಬರುವಷ್ಟೂ ಇರಲಿಲ್ಲ. “ಯಾರೂ ಇಲ್ಲದಾಗ ಅಂಗೈಗೆ ಒಂದು ಹನಿ ಬಿಟ್ಕೊಂಡು. ನೈವೇದ್ಯಕ್ಕೂ ಮುಂಚೆ. ಮದುವೇಲಿ, ಮಠದ ಅಡುಗೇಲಿ, ತಿಥೀಲಿ. ನಿಮ್ಮ ತಂದೆಯವರ ತಿಥೀಲೂ. ಪ್ರತಿ ವರ್ಷ.”

ನಾನು ದೇವರು ದಿಂಡರು ಎಂದು ಹೆಚ್ಚು ಹಚ್ಚಿಕೊಂಡವಳಲ್ಲ. ಎಂಜಲಿನಲ್ಲಿ ಕೈಯಿಟ್ಟುಕೊಂಡೇ ಹೊಟ್ಟೆ ಹೊರೆಯುವವಳು. ಆದರೂ ಕುರ್ಚಿಯನ್ನು ಹಿಂದಕ್ಕೆ ಸರಿಸಿಕೊಂಡೆ. ನನ್ನನ್ನು ಹೊಸಿಲಾಚೆ ನಿಲ್ಲಿಸಿ, ಒಳಗೆ ನಮ್ಮಪ್ಪನ ಪಿಂಡದ ಅನ್ನದ ಪಕ್ಕದಲ್ಲಿ ನಿಂತು, ಅವರು ಸಾರು ನೆಕ್ಕುತ್ತಿದ್ದರು. ಮಡಿ ಮಡಿ ಎಂದು ಬಾಯಾರಿದವಳನ್ನು ಒಳಗೆ ಬಿಡಲಿಲ್ಲ! ನಮ್ಮಮ್ಮ ಆ ದಿನ ಉಪವಾಸವಿದ್ದು, ಕೊನೆಗೆ ಅದೇ ಸಾರನ್ನು ಕಣ್ಣಿಗೊತ್ತಿಕೊಂಡು ಉಣ್ಣುತ್ತಿದ್ದರು. ಸಿಟ್ಟು, ಅಸಹ್ಯ ಎರಡೂ ಒಟ್ಟಿಗೆ ಬಂದವು. ಎದ್ದು ಹೊರಗೆ ನಡೆದುಬಿಡಬೇಕೆನಿಸಿತು.

“ಈ ನಾಲಿಗೆಗೆ ಬರ್ಬೇಕಾದ್ದೇ ಬಂದಿದೆ,” ಎಂದು ಅವರು ಹೇಳುತ್ತಿದ್ದರು. “ಕೊರೊನಾ ಅಂತ ಹೇಳ್ಕೊಂಡು ಹೋದ್ರೆ ಮಗಳಿಗೆ ಗೊತ್ತಾಗಲ್ಲ ಅಂದ್ಕೊಂಡೆ. ಮೂಗಿಲ್ಲ ಅಂತ ಒಂದು ಸಲ ಹೊರಗೆ ಬಿದ್ರೆ, ಅಡುಗೆ ಮಾಡಿಸಿದ ಮನೆಯೋರೆಲ್ಲ ಯೋಚ್ನೆ ಮಾಡ್ತಾರೆ. ಅವರ ಅಪ್ಪ ಅಮ್ಮಂದಿರ ತಿಥಿಯೆಲ್ಲ ಎಂಜಲಾಯ್ತು ಅಂತ ಆಗುತ್ತೆ. ಅವರಿಗೆ ಹೆಂಗೆ ಮುಖ ತೋರಿಸ್ಲಿ?”

“ಹೊಗೆಸೊಪ್ಪಿನಿಂದ ಬಂದಿದ್ದು ಇದು,” ಎಂದು ಒರಟಾಗಿ ಹೇಳಿದೆ. “ಸಾರಿನಿಂದ ಕ್ಯಾನ್ಸರ್ ಬರಲ್ಲ.”

ಇಷ್ಟಾದರೂ ನನ್ನೊಳಗಿನ ಪೊಲೀಸಿನವಳು ಸುಮ್ಮನಿರಲಿಲ್ಲ. ಇದೂ ಒಂದು ಕಥೆಯಾಗಿದ್ದರೆ? ಆಪರೇಷನ್ ಮತ್ತೆ ಸಿಗಲೆಂದು, ವಾಸನೆ ಮೊದಲಿಂದಲೂ ಇರಲಿಲ್ಲ ಎಂದು ಕಟ್ಟಿ ಹೇಳುತ್ತಿದ್ದರೆ? ಬುದ್ಧಿವಂತ ಸುಳ್ಳುಗಾರ ಹೇಳುವುದೂ ಅದನ್ನೇ ಅಲ್ಲವೇ? ಬರೀ ‘ಮೂಗಿಲ್ಲ’ ಎಂದಿದ್ದರೆ ನಂಬುತ್ತಿರಲಿಲ್ಲ. ಆದರೆ ಪ್ರಾಣ ಉಳಿಸಿಕೊಳ್ಳಲು ಸುಳ್ಳು ಹೇಳುವವನು, ತನ್ನ ಇಡೀ ಬದುಕನ್ನು ಹಾಳುಮಾಡುವ ಸುಳ್ಳನ್ನು ಹೆಣೆಯುವುದಿಲ್ಲ. ಈ ಮನುಷ್ಯನಿಗೆ ಸಾಯುವುದಕ್ಕಿಂತ ಈ ಮಾತು ಕಷ್ಟವಾಗಿತ್ತು. ನಾನು ನಂಬಿದೆ.

ಅವರು ಕೇಳಿದ್ದು ಒಂದೇ. “ಯಾರಿಗೂ ಹೇಳ್ಬೇಡಿ.”

ಮೂಗಿನ ವಿಷಯವನ್ನು ಥಿಯೇಟರಿನ ಡಾಕ್ಟರಿಗೆ ಮಾತ್ರ ಹೇಳಬೇಕಾಗುತ್ತದೆ, ಉಳಿದದ್ದು ನನ್ನಲ್ಲೇ ಇರುತ್ತದೆ ಎಂದು ಒಪ್ಪಿಕೊಂಡೆ. ಒಪ್ಪಿಕೊಂಡ ಮೇಲೆ ಗೊತ್ತಾಯಿತು, ಅದು ಎಂಥ ಫಜೀತಿ ಎಂದು. ಅರಿವಳಿಕೆ ಕೊಡುವ ನಮ್ಮ ಡಾಕ್ಟರು ನನಗಿಂತ ಕಿರಿಯರು, ಮನೆಯಲ್ಲಿ ಹಸುಗೂಸು ಇತ್ತು. ವಾಸನೆ ಹೋಗಿದೆ ಎಂದು ನಾನೇ ರದ್ದು ಮಾಡಿದ ರೋಗಿಯನ್ನು ಮುಂದಿನ ವಾರಕ್ಕೆ ನಾನೇ ಹಾಕಿದ್ದು ನೋಡಿ, ಫೈಲನ್ನು ಮೇಜಿನ ಮೇಲಿಟ್ಟರು.

“ಮೇಡಂ, ಬೇರೆ ಯಾರಾದ್ರೂ ಆಗಿದ್ರೆ ನೀವು ಒಪ್ತಿದ್ರಾ?”

“ಎರಡು ಸಲ ಸ್ವಾಬ್ ಆಗಿದೆ, ಎರಡರಲ್ಲೂ ಇಲ್ಲ. ವಾಸನೆ ಹಳೇ ತೊಂದರೆ, ನಶ್ಯದಿಂದ ಹೋಗಿರೋದು.”

“ಅದನ್ನ ಅವರು ಹೇಳಿದ್ರು, ನೀವು ನಂಬಿದ್ರಿ. ನೀವು! ಅವರು ನಿಮ್ಮ ಮನೆಗೆ ಬೇಕಾದವರು ಅಂತ ನರ್ಸ್‌ಗಳು ಮಾತಾಡ್ಕೊಳ್ತಿದಾರೆ.”

ನಂಬಿದ್ದು ಯಾಕೆ ಎನ್ನುವುದನ್ನು ಹೇಳುವ ಹಾಗಿರಲಿಲ್ಲ. ಇಷ್ಟು ವರ್ಷ ಎಲ್ಲರನ್ನೂ ಅನುಮಾನಿಸಿದವಳನ್ನು ಈಗ ಎಲ್ಲರೂ ಕೆಳಗಣ್ಣಿನಲ್ಲಿ ನೋಡುತ್ತಿದ್ದರು, ಬಹಳ ನೋವಾಯಿತು. ‘ನಿಮಗೆ ಹೆದರಿಕೆ ಇದ್ದರೆ ಬರಬೇಡಿ, ಬೇರೆಯವರನ್ನು ಕರೆಸುತ್ತೇನೆ’ ಎಂದೆ. ಬೇರೆಯವರು ಯಾರೂ ಇರಲಿಲ್ಲ, ಅದು ಅವರಿಗೂ ಗೊತ್ತಿತ್ತು. ಅವರು ಫೈಲ್ ಎತ್ತಿಕೊಂಡು ಹೋದರು. ಬಂದರು ಕೂಡ.

ಆಪರೇಷನ್ ದಿನ, ಸೋಂಕು ಹರಡೀತೆಂದು, ಏಸಿ ಹಾಕುವ ಹಾಗಿರಲಿಲ್ಲ. ಪ್ಲಾಸ್ಟಿಕ್ ಅಂಗಿಯೊಳಗೆ ಬೆವರು ಕಾಲುಚೀಲದವರೆಗೆ ಇಳಿಯುತ್ತಿತ್ತು. ಕನ್ನಡಕ ಮಂಜಾಗಿ, ಆಗಾಗ ಕೈ ನಿಲ್ಲಿಸಿ ಅದು ತಿಳಿಯಾಗುವವರೆಗೆ ಕಾಯಬೇಕಾಗುತ್ತಿತ್ತು. ಸಾಮಾನ್ಯವಾಗಿ ಒಂದೆರಡು ಹಾಸ್ಯದ ಮಾತಾದರೂ ಇರುತ್ತಿದ್ದ ಥಿಯೇಟರಿನಲ್ಲಿ ಅವತ್ತು ಯಾರೂ ನನ್ನ ಜೊತೆ ಮಾತಾಡಲಿಲ್ಲ. ಅರ್ಧ ನಾಲಿಗೆ, ಕತ್ತಿನ ಎಡಗಡೆಯ ಗಂಟುಗಳನ್ನು ತೆಗೆದೆ. ಕತ್ತರಿಸಿದ ಭಾಗವನ್ನು ತಟ್ಟೆಗೆ ಹಾಕುವಾಗ ಅದರ ಮೇಲೆ ಸಾರಿನ ಹನಿ ಬಿದ್ದಿದ್ದ ನೆನಪು ಬಂತು. ಬೇಡವೆಂದರೂ ಬಂತು. ಅಂಚಿನಲ್ಲಿ ಕ್ಯಾನ್ಸರ್ ಉಳಿದಿಲ್ಲ ಎಂದು ಆಮೇಲೆ ಲ್ಯಾಬಿನವರು ತಿಳಿಸಿದರು. ಸಿಬ್ಬಂದಿಯಲ್ಲಿ ಯಾರಿಗೂ ಜ್ವರ ಬರಲಿಲ್ಲ. ಪ್ರತಿದಿನ ಬೆಳಗ್ಗೆ ಅರಿವಳಿಕೆ ಡಾಕ್ಟರ ಮುಖ ನೋಡಿ, ಅವರು ಆರೋಗ್ಯವಾಗಿದ್ದಾರೆ ಎಂದು ಖಾತ್ರಿ ಮಾಡಿಕೊಂಡ ಮೇಲೆಯೇ ನಾನು ಕಾಫಿ ಕುಡಿಯುತ್ತಿದ್ದೆ.

ಅದಾದ ಮೇಲೆ ಭಟ್ಟರಿಗೆ ಬೇರೆ ಆಸ್ಪತ್ರೆಯಲ್ಲಿ ರೇಡಿಯೇಷನ್ ಆಯಿತು. ಜೀವ ಉಳಿಯಿತು. ಮಾತು ತೊದಲು, ಆದರೆ ಕಿವಿಗೊಟ್ಟರೆ ಅರ್ಥವಾಗುತ್ತಿತ್ತು. ಉಳಿದರ್ಧ ನಾಲಿಗೆಯ ರುಚಿ ಮಾತ್ರ ಆ ರೇಡಿಯೇಷನ್ನಿಗೆ ಸುಟ್ಟುಹೋಗಿತ್ತು. ತಪಾಸಣೆಗೆ ಬಂದಾಗ, “ಉಪ್ಪು, ಸಕ್ಕರೆ ಎರಡೂ ಒಂದೇ ಈಗ,” ಎಂದು ನಗಲು ನೋಡಿದರು.

ಮುಂದಿನ ವರ್ಷ, ಎರಡನೆಯ ಅಲೆ ಇಳಿದ ಮೇಲೆ ನಮ್ಮಪ್ಪನ ತಿಥಿ ಬಂತು. ಅಮ್ಮ ಅಷ್ಟರಲ್ಲಿ ತೀರಿಕೊಂಡಿದ್ದರು. ಅತ್ತಿಗೆ ಮಗಳ ಬಾಣಂತನಕ್ಕೆ ಮೈಸೂರಿಗೆ ಹೋಗಿದ್ದರು. ಮನೆಯಲ್ಲಿ ನಾನು, ಅಣ್ಣ ಇಬ್ಬರೇ.

“ಅಡುಗೆಗೆ ಯಾರನ್ನ ಕರೆಯೋಣ?” ಎಂದ ಅಣ್ಣ.

“ಭಟ್ರನ್ನೇ ಕರಿ.”

“ಅವರಿಗೆ ಅರ್ಧ ನಾಲಿಗೆನೇ ಇಲ್ವಲ್ಲೇ. ರುಚಿ ಹೆಂಗೆ ಗೊತ್ತಾಗುತ್ತೆ?”

“ತಿಥಿ ಅಡುಗೇಲಿ ರುಚಿ ನೋಡೋ ಹಾಗೇ ಇಲ್ವಲ್ಲಪ್ಪ. ನಾಲಿಗೆ ಯಾಕೆ ಬೇಕು?”

ಭಟ್ಟರು ಮೊದಲು ಒಪ್ಪಲಿಲ್ಲ. ಕೈ ನಡುಗುತ್ತದೆ ಅಂದರು, ಹೊಗೆ ಆಗಿಬರುವುದಿಲ್ಲ ಅಂದರು. ಕೆಲಸವಿಲ್ಲದೆ ಕೂತು ಅಪ್ಪ ಗೋಡೆ ನೋಡುತ್ತಿರುತ್ತಾನೆ ಎಂದು ಮಗಳು ಹೇಳಿದ್ದಳು. ಅದಕ್ಕೇ ನಾನೂ ಜಗ್ಗಲಿಲ್ಲ. ಕೊನೆಗೆ ಬಂದರು. ನಾನು ಸ್ನಾನ ಮಾಡಿ ಮಡಿ ಸೀರೆ ಉಟ್ಟು, ಅವರಿಗೆ ಯಾವ ಸೋಂಕೂ ತಗಲಬಾರದೆಂದು ಮಾಸ್ಕ್ ಹಾಕಿಕೊಂಡು, ತರಕಾರಿ ಹೆಚ್ಚಿಕೊಡುತ್ತ ಅಡುಗೆಮನೆಯಲ್ಲೇ ಇದ್ದೆ. ಈ ಸಲ ಅವರು ಬೇಡ ಅನ್ನಲಿಲ್ಲ.

ಪಾಯಸ, ವಡೆ, ಪಲ್ಯ ಎಲ್ಲ ಕೈ ಅಭ್ಯಾಸದಿಂದ ನಡೆದವು. ಸಾರಿಗೆ ಬಂದಾಗ ನಿಂತರು. ಪಾತ್ರೆ ಕುದಿಯುತ್ತಿತ್ತು. ಒಂದು ಚಿಟಿಕೆ ಉಪ್ಪು ಹಾಕಿದರು. ಇನ್ನೊಂದು ಚಿಟಿಕೆ ಎತ್ತಿದರು, ಹಾಕದೆ ಮರಳಿ ಡಬ್ಬಿಗೆ ಬಿಟ್ಟರು. ಮತ್ತೆ ಎತ್ತಿದರು. ಹಬೆಯ ಮೇಲೆ ಮುಖ ಹಿಡಿದರು, ಅಲ್ಲಿಂದ ಅವರಿಗೆ ಏನೂ ಬರುತ್ತಿರಲಿಲ್ಲ. ಮುಂಚೆ ಹಾಕಿದ್ದೆಷ್ಟು ಎನ್ನುವುದೇ ಮರೆತುಹೋಗಿತ್ತು ಎಂದು ಅವರ ಬೆನ್ನು ನೋಡಿದರೇ ತಿಳಿಯುತ್ತಿತ್ತು. ನಡುಮನೆಯಲ್ಲಿ ಪುರೋಹಿತರು ಎಲೆ ಹಾಕಿ ಎಂದು ಕೂಗಿದರು. ಭಟ್ಟರು ತಿರುಗಿ ನನ್ನನ್ನು ನೋಡಿದರು. ಅಷ್ಟು ಅಸಹಾಯಕವಾದ ಮುಖವನ್ನು ಆಪರೇಷನ್ನಿನ ಹಿಂದಿನ ದಿನವೂ ನಾನು ಕಂಡಿರಲಿಲ್ಲ.

ಅಪ್ಪನಿಗೆ ಉಪ್ಪು ಕಡಿಮೆಯಾದರೆ ಆಗುತ್ತಿರಲಿಲ್ಲ, ಎಲೆ ಬಿಟ್ಟು ಏಳುತ್ತಿದ್ದರು. ನಾನು ಕೈ ತೊಳೆದುಕೊಂಡೆ. ಸೌಟಿನಿಂದ ಅಂಗೈಗೆ ಒಂದಿಷ್ಟು ಬಿಟ್ಟುಕೊಂಡೆ.

“ಬೇಡ ತಾಯಿ,” ಎಂದು ಅವರು ತೊದಲಿದರು. “ಈ ಪಾಪ ನಿಮಗೆ ಬೇಡ.”

ಮಾಸ್ಕ್ ಇಳಿಸಿ ಬಾಯಿಗೆ ಹಾಕಿಕೊಂಡೆ. ಮೆಣಸಿನ ಖಾರ ಗಂಟಲಿಗೆ ಹತ್ತಿತು. ಉಪ್ಪು ಸಾಲದು.

“ಇನ್ನೆರಡು ಚಿಟಿಕೆ ಹಾಕಿ,” ಎಂದೆ.

ಅವರು ಹಾಕುತ್ತಿರುವಾಗಲೇ ಬಾಗಿಲಲ್ಲಿ ಅಣ್ಣ ನಿಂತಿದ್ದ, ಬೆರಳಲ್ಲಿ ದರ್ಭೆಯ ಉಂಗುರ.

“ಮಾಸ್ಕ್ ಯಾಕೆ ಇಳಿಸಿದೀಯ?”

“ಸೆಕೆ.”

ಅವನು ನನ್ನನ್ನು ನೋಡಿದ, ಭಟ್ಟರನ್ನು ನೋಡಿದ, ಪಾತ್ರೆಯನ್ನು ನೋಡಿದ. ಮತ್ತೆ ನನ್ನ ಮುಖಕ್ಕೆ ಬಂದ.

“ಬಾಯಲ್ಲೇನಿದೆ?”

ನಾನು ಅಣ್ಣನ ಕಡೆ ತಿರುಗಿ ಅಗಲವಾಗಿ ಬಾಯಿ ತೆಗೆದು, ನಾಲಿಗೆ ಎತ್ತಿ, ಎಡಕ್ಕೂ ಬಲಕ್ಕೂ ಹೊರಳಿಸಿ ತೋರಿಸಿದೆ. ಸಾರನ್ನು ಆಗಲೇ ನುಂಗಿದ್ದೆ.